ಗ್ಯಾರೇಜಿನಲ್ಲಿ ಹುಟ್ಟಿದ ವೃತ್ತಿ

'ಹಲ್ಲಿದ್ದವನಿಗೆ ಕಡಲೆಯಿಲ್ಲ, ಕಡಲೆಯಿದ್ದವನಿಗೆ ಹಲ್ಲಿಲ್ಲ' ಎಂಬ ಗಾದೆಯನ್ನು ನಾವೆಲ್ಲ ನಗುತ್ತಲೇ ಹೇಳುತ್ತೇವೆ. ಆದರೆ ಹಲ್ಲು ಉಳಿಸಿಕೊಳ್ಳುವುದಕ್ಕೂ ಹಣ ಬೇಕಾದಾಗ, ಬಡವನ ಪಾಲಿಗೆ ಕಡಲೆಯೂ ಇಲ್ಲ, ಹಲ್ಲೂ ಇಲ್ಲ. ಶತಮಾನದ ಹಿಂದೆಯೇ ಇದಕ್ಕೆ ದಾರಿ ಹುಡುಕಿದ ದಂತವೈದ್ಯರೊಬ್ಬರ ಕಥೆ ನೆನೆಯತಕ್ಕದ್ದು.

ಅಮೆರಿಕದ ಕನೆಕ್ಟಿಕಟ್ ರಾಜ್ಯದ ಬ್ರಿಜ್‌ಪೋರ್ಟ್ ಕಾರ್ಖಾನೆಗಳ ಊರು. ಹಂಗೇರಿ, ಇಟಲಿ ಮೊದಲಾದ ದೇಶಗಳಿಂದ ಹೊಟ್ಟೆಪಾಡಿಗಾಗಿ ಬಂದ ಕುಟುಂಬಗಳು ಅಲ್ಲಿ ನೆಲೆಸಿದ್ದವು. ಹೊರನಾಡಿಗರಾದ ನಮಗೆ ಅವರ ಪಾಡು ಅಪರಿಚಿತವೇನಲ್ಲ. ಅಲ್ಲಿನ ಡಾ. ಆಲ್ಫ್ರೆಡ್ ಫೋನ್ಸ್ 1906ರಲ್ಲಿ ತಮ್ಮ ಸಹಾಯಕಿ ಐರೀನ್ ನ್ಯೂಮನ್ ಅವರಿಗೆ ಹಲ್ಲಿನ ಕಿಟ್ಟ ತೆಗೆದು ಶುಚಿಗೊಳಿಸುವುದನ್ನು ಕಲಿಸಿದರು. 1913ರ ನವೆಂಬರಿನಲ್ಲಿ ತಮ್ಮ ಗ್ಯಾರೇಜಿನಲ್ಲಿಯೇ ತರಗತಿ ತೆರೆದರು. ಮರುವರ್ಷ 27 ಮಹಿಳೆಯರು ತೇರ್ಗಡೆಯಾದರು. 'ದಾದಿ' ಎಂದರೆ ರೋಗದ ನೆನಪಾಗುತ್ತದೆಂದು, ಆರೋಗ್ಯವನ್ನು ಸೂಚಿಸುವ 'ಡೆಂಟಲ್ ಹೈಜೀನಿಸ್ಟ್' ಎಂಬ ಹೆಸರನ್ನು ಫೋನ್ಸ್ ಆರಿಸಿದರು.

ಮುಖ್ಯ ಸಂಗತಿ ಮುಂದಿದೆ. 1914ರಲ್ಲಿಯೇ ಈ ಮಹಿಳೆಯರಲ್ಲಿ ಕೆಲವರು ಊರಿನ ಶಾಲೆಗಳಿಗೆ ಹೋದರು. ಮಕ್ಕಳ ಹಲ್ಲು ಶುಚಿಗೊಳಿಸಿದರು, ಬ್ರಷ್ ಹಿಡಿಯುವುದನ್ನು ಕಲಿಸಿದರು, ತಂದೆತಾಯಿಯರಿಗೂ ತಿಳಿಹೇಳಿದರು. ದವಾಖಾನೆಗೆ ಬಾರದ ಮಗುವಿನ ಬಳಿಗೆ ಚಿಕಿತ್ಸೆಯೇ ನಡೆದು ಬಂದಿತು.

ಮುಂದೆ ಈ ವೃತ್ತಿ ಹೆಚ್ಚಾಗಿ ಖಾಸಗಿ ದವಾಖಾನೆಗಳಲ್ಲಿಯೇ ನೆಲೆಯೂರಿತು. ವೈದ್ಯರ ಮೇಲ್ವಿಚಾರಣೆಯಿಲ್ಲದೆ ಕೆಲಸ ಮಾಡಬಾರದೆಂಬ ಕಟ್ಟಳೆಗಳು ಬೆಳೆದವು. ವೈದ್ಯರಿಲ್ಲದ ಹಳ್ಳಿಗೆ ಹೈಜೀನಿಸ್ಟರೂ ಹೋಗದಂತಾಯಿತು. ಕೊಲೊರಾಡೊ ರಾಜ್ಯ ಅವರಿಗೆ ಸ್ವತಂತ್ರವಾಗಿ ಕೆಲಸ ಮಾಡಲು ಅವಕಾಶ ಕೊಟ್ಟದ್ದು 1986ರಲ್ಲಿ. ಇಂಥ ಬದಲಾವಣೆ ತಾನಾಗಿ ಬರುವುದಿಲ್ಲ, ಶಾಸನಸಭೆಯ ಮುಂದೆ ನಿಂತು ಕೇಳುವವರು ಬೇಕು. ಆದ್ದರಿಂದ ಈ ವೃತ್ತಿಯ ಶಿಕ್ಷಣದಲ್ಲಿ ಕಾಯಿದೆ ಓದುವುದನ್ನೂ ಬಡವರ ಪರ ವಾದಿಸುವುದನ್ನೂ ಕಲಿಸುವುದು ಅಗತ್ಯ.

ನಮ್ಮಲ್ಲಿಯೂ 1948ರ ದಂತವೈದ್ಯರ ಕಾಯಿದೆ ಹೈಜೀನಿಸ್ಟರ ನೋಂದಣಿಗೆ ಪ್ರತ್ಯೇಕ ಪಟ್ಟಿ ಕಲ್ಪಿಸಿತು. ಹಲ್ಲು ಶುಚಿಗೊಳಿಸುವುದರ ಜೊತೆಗೆ ನೈರ್ಮಲ್ಯದ ತಿಳುವಳಿಕೆ ನೀಡುವುದನ್ನೂ ಅವರ ಕೆಲಸವೆಂದು ಅದು ಹೇಳಿತು. ಆದರೂ ಈ ಹೆಸರನ್ನೇ ಕೇಳದ ಮನೆಗಳು ನಮ್ಮಲ್ಲಿ ಎಷ್ಟೋ! ಮಕ್ಕಳ ಶಾಲೆಯ ಪೋಷಕರ ಸಭೆಯಲ್ಲಿ ಒಮ್ಮೆ ಈ ಮಾತೆತ್ತಿ ನೋಡೋಣ. ಸಂಘದ ಮುಂದಿನ ಆರೋಗ್ಯ ಶಿಬಿರಕ್ಕೂ ಒಬ್ಬ ಹೈಜೀನಿಸ್ಟರನ್ನು ಕರೆಯೋಣ. ಬ್ರಿಜ್‌ಪೋರ್ಟಿನಲ್ಲಿ ಆರಂಭವಾದದ್ದೂ ಒಂದು ಗ್ಯಾರೇಜಿನಲ್ಲಿ ತಾನೆ?