ಮಸಿ ಬರೆದ ಚರಿತ್ರೆ

ಬಂದೂಕಿನ ಚರಿತ್ರೆಯನ್ನು ನಾವು ರಣರಂಗದಲ್ಲಿ ಅರಸುವುದು ವಾಡಿಕೆ. ಅದರ ಒಂದು ಅಧ್ಯಾಯವಾದರೋ ಮದ್ದಿನ ಮಸಿಯಲ್ಲಿದೆ. 1903ರಲ್ಲಿ ಅಮೆರಿಕದ ವಿಂಚೆಸ್ಟರ್ ಕಂಪೆನಿಯು ಟಿ. ಸಿ. ಜಾನ್ಸನ್ನನು ರಚಿಸಿದ 0.22 ಅಂಗುಲದ ರೈಫಲನ್ನು ಹೊರತಂದಿತು. ಗುಂಡು ಹಾರಿಸಿದ ಅನಿಲದ ಒತ್ತಡವೇ ಅದರ ಬೋಲ್ಟನ್ನು ಹಿಂದಕ್ಕೆ ತಳ್ಳಿ ಬರಿದಾದ ತೋಟಾವನ್ನು ಹೊರಚೆಲ್ಲುವುದು. ಸ್ಪ್ರಿಂಗು ಬೋಲ್ಟನ್ನು ಮುಂದಕ್ಕೆ ತಂದು ಹೊಸದನ್ನು ತುಂಬುವುದು. ಆಗ ಕರಿಮದ್ದಿನ ತೋಟಾಗಳು ಇನ್ನೂ ಬಳಕೆಯಲ್ಲಿದ್ದುವು. ಅವುಗಳ ಮಸಿ ಕಟ್ಟಿದರೆ ಯಂತ್ರವು ಸ್ತಬ್ಧವಾಗುತ್ತಿತ್ತು. ಆದಕಾರಣ ಈ ರೈಫಲಿಗೆಂದೇ ಹೊಗೆಯಿಲ್ಲದ ಮದ್ದಿನ, ಬೇರೆ ಅಳತೆಯ ತೋಟಾವನ್ನು ನಿರ್ಮಿಸಿದರು. ಸಾಮಾನ್ಯ ತೋಟಾಗಳಲ್ಲಿಯೂ ಹೊಗೆಯಿಲ್ಲದ ಮದ್ದು ರೂಢಿಯಾದ ಮೇಲೆ, 1933ರ 63ನೆಯ ಮಾದರಿಯು ಅವುಗಳನ್ನೇ ಅಂಗೀಕರಿಸಿತು. ಆದರೂ ಮಸಿಯು ಪೂರ್ತಿಯಾಗಿ ತೊಲಗಲಿಲ್ಲ. ಅನಿಲವು ಬೋಲ್ಟಿನ ಕಡೆಗೆ ನುಗ್ಗಿ ಅಲ್ಲಿಯೂ ಕಿಟ್ಟವನ್ನು ಬಿಡುತ್ತದೆ. ಸ್ವಯಂಚಾಲಕವೆಂಬ ಹೆಸರಿದ್ದರೂ, ಬಿಚ್ಚಿ ಒರೆಸುವ ಕೈಯನ್ನು ಯಂತ್ರವು ಇಂದಿಗೂ ಬೇಡುತ್ತಿದೆಯೆಂಬುದನ್ನು ನಾವು ಮರೆಯಲಾಗದು.