ವ್ಯಸನಿ, ಮರುಳ, ಅಭಿಮಾನಿ: ಅತ್ಯಾಸಕ್ತಿಸೂಚಕ ಕನ್ನಡ ಪದಗಳ ಇತಿಹಾಸ

ಒಂದು ವಸ್ತು, ಕಲೆ, ವ್ಯಕ್ತಿ ಅಥವಾ ಅಭ್ಯಾಸಕ್ಕೆ ಮಿತಿಮೀರಿ ಅಂಟಿಕೊಂಡವರನ್ನು ಹೆಸರಿಸಲು ಕನ್ನಡದಲ್ಲಿ ವ್ಯಸನಿ, ಮರುಳ, ಕುಡುಕ, ಜೂಜುಕೋರ, ಶೋಕಿಲಾಲ, ರಸಿಕ, ಅಭಿಮಾನಿ ಮುಂತಾದ ಪದಗಳಿವೆ. ದ್ರಾವಿಡ, ಸಂಸ್ಕೃತ ಮತ್ತು ಅರಬ್ಬೀ-ಪಾರಸಿ ಮೂಲಗಳಿಂದ ಬಂದು ಸೇರಿದ ಈ ಪದಗಳು ಆಸಕ್ತಿಯ ತೀವ್ರತೆಯನ್ನು ಅಳೆಯುವುದಕ್ಕಿಂತ ಹೆಚ್ಚಾಗಿ ಅದರ ಬಗ್ಗೆ ಸಮಾಜ ತಳೆದ ನಿಲುವನ್ನು ಸೂಚಿಸುತ್ತವೆ. ಆ ನಿಲುವು ಬದಲಾದಾಗಲೆಲ್ಲ ಪದಗಳ ಅರ್ಥವೂ ಜರುಗಿದೆ.

ವ್ಯಸನ

‘ಎಸೆ’ ಎಂಬರ್ಥದ ‘ಅಸ್’ ಧಾತುವಿಗೆ ‘ವಿ’ ಉಪಸರ್ಗ ಸೇರಿ ಆದ ಈ ಸಂಸ್ಕೃತ ಪದಕ್ಕೆ ಮೊದಲು ವಿಪತ್ತು, ಕೇಡು ಎಂಬ ಅರ್ಥವಿತ್ತು. ಮನುಷ್ಯನನ್ನು ಶ್ರೇಯಸ್ಸಿನಿಂದ ಆಚೆಗೆ ಎಸೆಯುವುದೇ ವ್ಯಸನವೆಂದು ನಿರ್ವಚಿಸುವ ಕೌಟಿಲ್ಯನ ಅರ್ಥಶಾಸ್ತ್ರವು ತನ್ನ ಎಂಟನೆಯ ಅಧಿಕರಣದಲ್ಲಿ ರಾಜ್ಯಕ್ಕೆ ಒದಗುವ ವಿಪತ್ತುಗಳನ್ನೂ ವ್ಯಕ್ತಿಗೆ ಅಂಟುವ ಬೇಟೆ, ಜೂಜು, ಸ್ತ್ರೀಲೋಲತೆ, ಪಾನಗಳನ್ನೂ ಇದೇ ಹೆಸರಿನಡಿ ಚರ್ಚಿಸುತ್ತದೆ. ಮನುಸ್ಮೃತಿಯ ಏಳನೆಯ ಅಧ್ಯಾಯ ಪಟ್ಟಿ ಮಾಡುವ, ಕಾಮದಿಂದ ಹುಟ್ಟುವ ಹತ್ತು ವ್ಯಸನಗಳಲ್ಲಿ ಹಾಡು, ಕುಣಿತ, ವಾದ್ಯಗಳೂ ಸೇರಿರುವುದರಿಂದ, ಇಂದು ಹವ್ಯಾಸವೆನಿಸುವುದು ಅಂದಿನ ರಾಜಧರ್ಮದ ದೃಷ್ಟಿಯಲ್ಲಿ ದೋಷವಾಗಿತ್ತೆಂದು ತಿಳಿಯುತ್ತದೆ. ಜೈನ ಸಂಪ್ರದಾಯವು ಜೂಜು, ಮಾಂಸ, ಮದ್ಯ, ವೇಶ್ಯಾಗಮನ, ಬೇಟೆ, ಕಳವು, ಪರಸ್ತ್ರೀಗಮನಗಳನ್ನು ಸಪ್ತವ್ಯಸನಗಳೆಂದು ಎಣಿಸಿದೆ. ಕನ್ನಡದಲ್ಲಿ ಮೂಲದ ಛಾಯೆ ಅಳಿದಿಲ್ಲ: ‘ವ್ಯಸನಿ’ ಎಂದರೆ ದುಶ್ಚಟಕ್ಕೆ ಬಿದ್ದವನಾದರೆ ‘ವ್ಯಸನಪಡು’ ಎಂದರೆ ದುಃಖಿಸು.

ಹುಚ್ಚು, ಮರುಳು, ಗೀಳು, ಚಟ

ತೆಲುಗಿನ ‘ಪಿಚ್ಚಿ’ಗೆ ಸಂಬಂಧಿಯಾದ ‘ಹುಚ್ಚು’ ಚಿತ್ತವಿಕಲತೆಯನ್ನು ಹೇಳುವ ಪದವಾದರೂ ನಾಟಕದ ಹುಚ್ಚು, ಸಿನಿಮಾ ಹುಚ್ಚು ಎಂಬಂಥ ಪ್ರಯೋಗಗಳಲ್ಲಿ ರೋಗದ ಅರ್ಥವನ್ನು ಕಳಚಿಕೊಂಡು, ಅರ್ಧ ಗೇಲಿ ಅರ್ಧ ಮೆಚ್ಚುಗೆಯ ಧ್ವನಿ ಪಡೆದಿದೆ. ಭ್ರಮೆ, ಮೋಹ ಎಂಬರ್ಥದ ‘ಮರುಳು’ ಇನ್ನೂ ಮೇಲಕ್ಕೇರಿತು. ಲೋಕದ ಕಣ್ಣಿಗೆ ಬುದ್ಧಿ ಕೆಟ್ಟವನಂತೆ ಕಾಣುವ ಶಿವಭಕ್ತನ ಸ್ಥಿತಿಯನ್ನು ಶರಣ ಪರಂಪರೆ ಹಿರಿದೆಂದು ಬಗೆದುದರಿಂದ ಮರುಳಸಿದ್ಧ, ಮರುಳಶಂಕರದೇವ ಎಂಬ ಹೆಸರುಗಳಲ್ಲಿ ಅದು ಗೌರವಸೂಚಕವಾಗಿ ನಿಂತಿತು. ಒಂದೇ ಯೋಚನೆ ಅಥವಾ ಕ್ರಿಯೆಗೆ ಮತ್ತೆ ಮತ್ತೆ ಮರಳುವುದು ‘ಗೀಳು’, ಬಿಡಲಾಗದಂತೆ ಅಂಟಿದ ಅಭ್ಯಾಸ ‘ಚಟ’. ಓದಿಗೆ ಗೀಳೂ ಕುಡಿತಕ್ಕೆ ಚಟವೂ ಒಪ್ಪುವ ಮಾತುಗಳಾದರೂ ಇವುಗಳ ಗಡಿ ಬಿಗಿಯಾಗಿಲ್ಲ. ಹೆಣ ಹೊರುವ ‘ಚಟ್ಟ’ಕ್ಕೂ ‘ಚಟ’ಕ್ಕೂ ಪ್ರಾಸ ಕೂಡಿಸುವುದು ಮದ್ಯವಿರೋಧಿ ಪ್ರಚಾರದಲ್ಲಿ ರೂಢಿ.

ಪ್ರತ್ಯಯಗಳು ಮತ್ತು ಪಾರಸಿ ಪ್ರಭಾವ

ವ್ಯಕ್ತಿಯ ಚಾಳಿಯನ್ನು ಹೇಳಲು ಕನ್ನಡವು ನಾಮಪದಕ್ಕೆ ಪ್ರತ್ಯಯವನ್ನೋ ಪ್ರತ್ಯಯದಂತೆ ಸವೆದ ಪದವನ್ನೋ ಹಚ್ಚುತ್ತದೆ: ಲಂಚಗುಳಿ, ನಿದ್ದೆಬಡಕ, ಜಗಳಗಂಟ, ತಿಂಡಿಪೋತ, ಹೊಟ್ಟೆಬಾಕ. ಇವೆಲ್ಲವೂ ನಿಂದೆಯವೇ, ಹೊಗಳಬೇಕಾದಾಗ ಸಂಗೀತಪ್ರೇಮಿ, ಕಲಾರಸಿಕ ಎಂಬಂತೆ ಸಂಸ್ಕೃತದ ಉತ್ತರಪದವನ್ನು ಆಶ್ರಯಿಸುವುದು ವಾಡಿಕೆ. ಬಹಮನಿ ಮತ್ತು ಆದಿಲಶಾಹಿ ಆಳ್ವಿಕೆಗಳಲ್ಲಿ, ಮುಂದೆ ಹೈದರ್-ಟಿಪ್ಪು ಕಾಲದ ಮೈಸೂರಿನಲ್ಲಿ ಪಾರಸಿ ದರಬಾರಿನ ಭಾಷೆಯಾಗಿದ್ದುದರಿಂದ ‘ತಿನ್ನುವವ’ ಎಂಬರ್ಥದ ‘ಖೋರ್’ ಇಲ್ಲಿ ‘ಕೋರ’ ಆಗಿ ಲಂಚಕೋರ, ಚಾಡಿಕೋರ ಎಂಬ ರೂಪಗಳಿಗೆ ಎಡೆಕೊಟ್ಟಿತು. ಸಂಸ್ಕೃತದ ‘ದ್ಯೂತ’ದಿಂದ ಬಂದ ತದ್ಭವ ‘ಜೂಜು’ ಇದೇ ಪಾರಸಿ ಪ್ರತ್ಯಯದೊಡನೆ ಕೂಡಿ ‘ಜೂಜುಕೋರ’ ಆಯಿತು. ಹಂಬಲವೆಂಬ ಅರ್ಥದ ಅರಬ್ಬಿಯ ‘ಶೌಕ್’ ಕನ್ನಡಕ್ಕೆ ‘ಶೋಕಿ’ಯಾಗಿ ಬಂದು ಬೆಡಗಿನ ಅರ್ಥಕ್ಕೆ ತಿರುಗಿದರೆ, ಕಲ್ಪನೆಯೆಂಬ ಅರ್ಥದ ‘ಖಯಾಲ್’ ಇಲ್ಲಿ ಒಂದರ ಬೆನ್ನು ಬಿದ್ದ ‘ಖಯಾಲಿ’ ಆಯಿತು.

ಅಭಿಮಾನಿ

ಸಾಂಖ್ಯದರ್ಶನದಲ್ಲಿ ಅಹಂಕಾರದ ಲಕ್ಷಣವಾಗಿದ್ದ ‘ಅಭಿಮಾನ’ ಕನ್ನಡದಲ್ಲಿ ತನ್ನದೆಂಬ ಹೆಮ್ಮೆಗೂ ಪ್ರೀತಿಗೂ ಹೊರಳಿ, ಭಾಷಾಭಿಮಾನ, ನಾಡಾಭಿಮಾನ ಎಂಬ ಸಮಾಸಗಳ ಮೂಲಕ ನೆಲೆಯಾಯಿತು. ಚಲನಚಿತ್ರ ಬೆಳೆದಂತೆ ನಟನ ಆರಾಧಕರಿಗೆ ‘ಅಭಿಮಾನಿ’ ಎಂಬ ಹೆಸರು ನಿಂತಿತು. 1954ರ ‘ಬೇಡರ ಕಣ್ಣಪ್ಪ’ದಲ್ಲಿ ಶಿವಭಕ್ತನಾಗಿ ನಟಿಸಿ ನಾಯಕರಾದ ರಾಜ್‌ಕುಮಾರ್ ತಮ್ಮ ಪ್ರೇಕ್ಷಕರನ್ನು ‘ಅಭಿಮಾನಿ ದೇವರುಗಳು’ ಎಂದು ಕರೆದರು. ಇದೇ ಅರ್ಥದ ಇಂಗ್ಲಿಷಿನ ‘ಫ್ಯಾನ್’ ಗುಡಿಯೆಂಬ ಅರ್ಥದ ಲ್ಯಾಟಿನ್ ಪದದಿಂದ ಹೊರಟು, ಆವೇಶ ಬಂದ ಭಕ್ತನನ್ನು ಸೂಚಿಸುತ್ತ ಬಂದ ಮಾತಾಗಿದ್ದು, ಕನ್ನಡದ ಸಂಬೋಧನೆ ಭಕ್ತನ ಜಾಗದಲ್ಲಿದ್ದವರನ್ನೇ ದೇವರ ಜಾಗಕ್ಕೆ ಕೂರಿಸಿತು.

ವೈದ್ಯಕೀಯ ಬಳಕೆ

ಇಪ್ಪತ್ತನೆಯ ಶತಮಾನದಲ್ಲಿ ಚಟವನ್ನು ಶೀಲದ ದೋಷವೆನ್ನದೆ ಕಾಯಿಲೆಯೆಂದು ಕಾಣುವ ದೃಷ್ಟಿ ಬಲಗೊಂಡಾಗ ಹಳೆಯ ಪದಗಳೇ ಪರಿಭಾಷೆಗಳಾದವು. ‘ವ್ಯಸನ’ ಮಾದಕವಸ್ತುಗಳ ಅಧೀನತೆಗೂ ‘ಗೀಳು ರೋಗ’ ಬೇಡವೆಂದರೂ ಮರುಕಳಿಸುವ ಯೋಚನೆ ಮತ್ತು ಕ್ರಿಯೆಗಳ ಕಾಯಿಲೆಗೂ ಮೀಸಲಾದವು. ಬೆಂಗಳೂರಿನ ನಿಮ್ಹಾನ್ಸ್ 2014ರಲ್ಲಿ ಮೊಬೈಲ್ ಮತ್ತು ಅಂತರ್ಜಾಲದ ಅತಿಬಳಕೆಗೆ ಪ್ರತ್ಯೇಕ ಚಿಕಿತ್ಸಾ ಘಟಕ ತೆರೆದ ಮೇಲೆ ‘ಮೊಬೈಲ್ ವ್ಯಸನ’ವೂ ಪತ್ರಿಕೆಗಳಲ್ಲಿ ರೂಢಿಯ ಮಾತಾಗಿದೆ. ‘ಕುಡುಕ’ನಿಗೆ ಬದಲಾಗಿ ‘ಮದ್ಯವ್ಯಸನಿ’ ಎನ್ನುವ ಎಚ್ಚರ ಬರವಣಿಗೆಯಲ್ಲಿ ಕಾಣಿಸಿಕೊಂಡಿದ್ದರೂ ಆಡುಮಾತಿನಲ್ಲಿ ಹಳೆಯ ಬೈಗುಳವೇ ಉಳಿದಿದೆ.