ಕಟ್ಟುವ ರೊಕ್ಕ, ಕಟ್ ಆಗುವ ರೊಕ್ಕ: ಗಾಡಿ ವಿಮೆ ನವೀಕರಣದ ಹಿಂದಿನ ಕತೆ

ಮೇ ತಿಂಗಳ ಕೊನೆಗೆ ಟಿಕೋಟಾ ಭಾಗದ ಊರುಗಳಲ್ಲಿ ಅನೇಕರ ಫೋನಿಗೆ ಬ್ಯಾಂಕಿನ ಮೆಸೇಜ್ ಬರುತ್ತದೆ. ಖಾತೆಯಿಂದ 20 ರೂಪಾಯಿ ಹೋಯಿತು, 436 ರೂಪಾಯಿ ಹೋಯಿತು ಅಂತ. ಘೋಣಸಗಿಯಂಥ ಊರಿನಲ್ಲಿ ಈ ಮಾತು ಬಂದಾಗ ಎರಡು ತಕರಾರು ಒಟ್ಟಿಗೇ ಏಳುತ್ತವೆ. ನಮ್ಮನ್ನು ಕೇಳದೆ ರೊಕ್ಕ ಯಾಕೆ ಕಟ್ ಮಾಡಿದರು ಎನ್ನುವುದು ಒಂದು. ಗಾಡಿಯ ಇನ್ಶೂರೆನ್ಸ್ ಮಾತ್ರ ಹೀಗೆ ತಾನಾಗಿ ಯಾಕೆ ಕಟ್ ಆಗುವುದಿಲ್ಲ, ಮರೆತರೆ ದಂಡ ನಾವೇ ಕಟ್ಟಬೇಕಲ್ಲ ಎನ್ನುವುದು ಇನ್ನೊಂದು. ಎರಡೂ ನ್ಯಾಯದ ಪ್ರಶ್ನೆಗಳೇ. ಉತ್ತರಕ್ಕೆ ಸ್ವಲ್ಪ ಹಿಂದೆ ಹೋಗಬೇಕು.

ನಮ್ಮ ಜಿಲ್ಲೆ ಆಗ ಮುಂಬಯಿ ಪ್ರಾಂತ್ಯದಲ್ಲಿತ್ತು. ಬ್ರಿಟಿಷರು 1939ರಲ್ಲಿ ಮೋಟಾರು ವಾಹನ ಕಾಯ್ದೆ ತಂದರು. ಅದರಲ್ಲಿ ವಿಮೆ ಕಡ್ಡಾಯ ಮಾಡುವ ಅಧ್ಯಾಯ ಮಾತ್ರ ಜಾರಿಗೆ ಬಂದದ್ದು 1946ರ ಜುಲೈ 1ಕ್ಕೆ. ಗಾಡಿ ಬಡಿದು ಸತ್ತವರ ಅಥವಾ ಗಾಯಗೊಂಡವರ ಮನೆಯವರಿಗೆ ಪರಿಹಾರ ಸಿಗಬೇಕು, ಮಾಲೀಕನ ಹತ್ತಿರ ರೊಕ್ಕ ಇರಲಿ ಬಿಡಲಿ ಎನ್ನುವುದು ಅದರ ತಿರುಳು. ಅದಕ್ಕೇ ಇದಕ್ಕೆ ಥರ್ಡ್ ಪಾರ್ಟಿ ಎಂದು ಹೆಸರು. ಮಾಲೀಕ ಒಬ್ಬ, ಕಂಪನಿ ಇನ್ನೊಬ್ಬ, ರಸ್ತೆಯಲ್ಲಿ ಹೋಗುತ್ತಿದ್ದವನು ಮೂರನೆಯವ. ಈಗಿನ 1988ರ ಕಾಯ್ದೆಯ 146ನೇ ಕಲಮು ಇದನ್ನೇ ಮುಂದುವರಿಸಿದೆ. 2019ರ ತಿದ್ದುಪಡಿಯ ನಂತರ ವಿಮೆ ಇಲ್ಲದ ಗಾಡಿಗೆ ಮೊದಲ ಸಲ 2,000, ಮತ್ತೆ ಸಿಕ್ಕರೆ 4,000 ರೂಪಾಯಿ ದಂಡ. ಒಣದ್ರಾಕ್ಷಿ ತುಂಬಿಕೊಂಡು ತಾಸಗಾಂವ, ಸಾಂಗ್ಲಿ ಮಾರುಕಟ್ಟೆಗೆ ಹೋಗುವ ಪಿಕಪ್ ಗಡಿ ದಾಟಿದರೂ ಕಾಯ್ದೆ ಅದೇ.

ತಾನಾಗಿ ನವೀಕರಣ ಆಗದಿರುವುದಕ್ಕೆ ಬೇರೆ ಇರುವುದು ಇನ್ನೊಂದು ಕಾಯ್ದೆಯಲ್ಲಿ. 1938ರ ವಿಮಾ ಕಾಯ್ದೆಗೆ 1968ರಲ್ಲಿ 64ವಿಬಿ ಎಂಬ ಕಲಮು ಸೇರಿಸಿದರು. ಕಂತು ಮೊದಲೇ ಕೈಗೆ ಬರದೆ ಕಂಪನಿ ಜವಾಬ್ದಾರಿ ಹೊರುವಂತಿಲ್ಲ ಎಂಬುದು ಅದರ ಸಾರ. ಉದ್ರಿ ಇಲ್ಲ, ಆಮೇಲೆ ಕೊಡ್ತೀನಿ ಅನ್ನುವಂತಿಲ್ಲ. ಕಿರಾಣಿ ಅಂಗಡಿಯಲ್ಲಿ ನಡೆಯುವುದು ಇಲ್ಲಿ ನಡೆಯುವುದಿಲ್ಲ.

ಇದು ಎಷ್ಟು ಬಿಗಿ ಎಂದರೆ, ಸುಪ್ರೀಂ ಕೋರ್ಟ್ ತೀರ್ಮಾನಿಸಿದ ಒಂದು ಪ್ರಕರಣದಲ್ಲಿ ಅಪಘಾತ ಆಗಿದ್ದು ಮಧ್ಯಾಹ್ನ 2:20ಕ್ಕೆ, ಪಾಲಿಸಿ ಮಾಡಿಸಿದ್ದು ಅದೇ ದಿನ 2:55ಕ್ಕೆ. ತಾರೀಖು ಒಂದೇ. ಆದರೂ ಮೂವತ್ತೈದು ನಿಮಿಷದ ಸಲುವಾಗಿ ಕಂಪನಿ ಪಾರಾಯಿತು. ವಿಮೆ ಮುಗಿದ ಮರುದಿನ ಬೆಳಿಗ್ಗೆ ಹೋಗಿ ಕಟ್ಟಿದರಾಯಿತು ಎನ್ನುವವರು ಈ ಮೂವತ್ತೈದು ನಿಮಿಷ ನೆನಪಿಡಬೇಕು.

ಚೆಕ್ ಬೌನ್ಸ್ ಆದರೆ? ಅದಕ್ಕೆ ನಮ್ಮ ಕರ್ನಾಟಕದ್ದೇ ಪ್ರಕರಣ ಇದೆ. ಬಸ್ಸಿನ ಮಾಲೀಕರು 2004ರ ಏಪ್ರಿಲ್‌ನಲ್ಲಿ ಚೆಕ್ ಕೊಟ್ಟು ಯುನೈಟೆಡ್ ಇಂಡಿಯಾ ಕಂಪನಿಯಿಂದ ಪಾಲಿಸಿ ತೆಗೆದುಕೊಂಡರು. ಮೇ 11ರಂದು ಅಪಘಾತ. ಚೆಕ್ ಪಾಸಾಗಿಲ್ಲ ಎಂದು ಕಂಪನಿ ಪಾಲಿಸಿ ರದ್ದು ಮಾಡಿದ್ದು ಮೇ 13ಕ್ಕೆ. 2012ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು: ಅಪಘಾತಕ್ಕೆ ಮೊದಲೇ ರದ್ದು ಮಾಡಿ ಮಾಲೀಕರಿಗೆ ತಿಳಿಸಿದ್ದರೆ ಮಾತು ಬೇರೆ, ತಿಳಿಸಿಲ್ಲವಾದ್ದರಿಂದ ನೊಂದವರಿಗೆ ಕಂಪನಿ ಪರಿಹಾರ ಕೊಡಲೇಬೇಕು. ಆ ರೊಕ್ಕವನ್ನು ಮಾಲೀಕರಿಂದ ವಸೂಲಿ ಮಾಡುವ ದಾರಿಯನ್ನು ಮಾತ್ರ ಕಂಪನಿಗೆ ತೆರೆದೇ ಇಟ್ಟಿತು. ಮೂರನೆಯವನನ್ನು ಕೋರ್ಟು ಕಾಯಿತು, ಮಾಲೀಕನನ್ನಲ್ಲ. ಇದು ಸರಿಯಾದ ತೀರ್ಪು ಎಂದೇ ನಮ್ಮ ಅಭಿಪ್ರಾಯ.

ಬೇರೆ ದೇಶಗಳಲ್ಲಿ ರೂಢಿ ಉಲ್ಟಾ. ಜರ್ಮನಿಯಲ್ಲಿ ಕಾರಿನ ವಿಮೆ ಬೇಡ ಎಂದು ಬರೆದುಕೊಡದಿದ್ದರೆ ಅದು ಮುಂದಿನ ವರ್ಷಕ್ಕೂ ನಡೆಯುತ್ತದೆ. ಹೆಚ್ಚಿನ ಪಾಲಿಸಿಗಳಿಗೆ ನವೆಂಬರ್ 30 ಕೊನೆಯ ದಿನ. ಬ್ರಿಟನ್ನಿನಲ್ಲಿ ಕಂಪನಿಗಳು ತಾನಾಗಿ ನವೀಕರಣ ಮಾಡುತ್ತಾ, ಹಳೇ ಗಿರಾಕಿಗೆ ಹೊಸಬನಿಗಿಂತ ಜಾಸ್ತಿ ದರ ಹಾಕುತ್ತಿದ್ದವು. ಮರೆತವನೇ ಅವರಿಗೆ ಲಾಭ. 2022ರ ಜನವರಿ 1ರಿಂದ ಅಲ್ಲಿನ ನಿಯಂತ್ರಕರು ಅದನ್ನು ನಿಲ್ಲಿಸಿದರು.

ನಮ್ಮಲ್ಲಿ ಮರೆತವನಿಗೆ ನಷ್ಟ, ಬಿಡಿಸಿಕೊಳ್ಳಲು ಹೋದವನಿಗೂ ನಷ್ಟ. ಹಳೇ ಮೋಟಾರು ದರಪಟ್ಟಿಯಲ್ಲಿ ನಡುವೆ ಪಾಲಿಸಿ ರದ್ದು ಮಾಡಿದರೆ ದಿನದ ಲೆಕ್ಕದಲ್ಲಿ ರೊಕ್ಕ ವಾಪಸ್ ಬರುತ್ತಿರಲಿಲ್ಲ. ಒಂದು ತಿಂಗಳೊಳಗೆ ಬಿಟ್ಟರೂ ಕಂಪನಿ ಶೇ 20 ಇಟ್ಟುಕೊಳ್ಳುತ್ತಿತ್ತು, ಆರು ತಿಂಗಳಿಗೆ ಶೇ 70, ಎಂಟು ತಿಂಗಳು ದಾಟಿದರೆ ಪೂರ್ತಿ. 6,000 ರೂಪಾಯಿ ಕಟ್ಟಿ ಆರು ತಿಂಗಳಿಗೆ ರದ್ದು ಮಾಡಿದವರ ಕೈಗೆ ಬರುವುದು 1,800. ರದ್ದತಿ ಶುಲ್ಕ ಎಂದು ಎಲ್ಲೂ ಬರೆದಿರುವುದಿಲ್ಲ, ಆದರೆ ಇದು ಅದೇ. 2024ರ ಜೂನ್‌ನಲ್ಲಿ ವಿಮಾ ಪ್ರಾಧಿಕಾರ ಇದನ್ನು ಬದಲಿಸಿತು. ಈಗ ಕಾರಣ ಹೇಳದೆ ಯಾವಾಗ ಬೇಕಾದರೂ ರದ್ದು ಮಾಡಬಹುದು. ಒಂದು ವರ್ಷದ ಪಾಲಿಸಿಯಾಗಿದ್ದು, ಕ್ಲೇಮ್ ಮಾಡಿಲ್ಲದಿದ್ದರೆ, ಉಳಿದ ಅವಧಿಯ ಪಾಲು ವಾಪಸ್ ಕೊಡಬೇಕು. ಅದೇ 6,000ಕ್ಕೆ ಈಗ ಸುಮಾರು 3,000. ಕಂಪನಿ ತಾನೇ ರದ್ದು ಮಾಡಬೇಕೆಂದರೆ ಮೋಸ ಸಾಬೀತಾಗಿರಬೇಕು, ಏಳು ದಿನದ ನೋಟಿಸೂ ಕೊಡಬೇಕು. ಆದರೆ ರಸ್ತೆಯ ಮೇಲೆ ಓಡುವ ಗಾಡಿಗೆ ಥರ್ಡ್ ಪಾರ್ಟಿ ಇರಲೇಬೇಕಲ್ಲ, ಹಾಗಾಗಿ ಹಳೆಯದನ್ನು ಬಿಡುವ ಮೊದಲು ಹೊಸದು ಕೈಯಲ್ಲಿರಲಿ.

ಮರೆವಿಗೆ ಮದ್ದಾಗಿ ಸುಪ್ರೀಂ ಕೋರ್ಟಿನ ಆದೇಶದಂತೆ 2018ರ ಸೆಪ್ಟೆಂಬರ್ 1ರಿಂದ ಹೊಸ ಕಾರಿಗೆ ಮೂರು ವರ್ಷದ, ಹೊಸ ಬೈಕಿಗೆ ಐದು ವರ್ಷದ ಥರ್ಡ್ ಪಾರ್ಟಿ ವಿಮೆ ಒಮ್ಮೆಗೇ ಕಡ್ಡಾಯವಾಯಿತು. ಇಲ್ಲೊಂದು ಗೊಂದಲ ಹುಟ್ಟಿಕೊಂಡಿದೆ. ಐದು ವರ್ಷ ಇದೆ ಎಂದು ಬೈಕಿನ ಮಾಲೀಕರು ನಿಶ್ಚಿಂತೆಯಿಂದ ಇರುತ್ತಾರೆ. ತಮ್ಮ ಗಾಡಿಗೇ ಆಗುವ ಹಾನಿಯ ವಿಮೆ ಒಂದೇ ವರ್ಷದ್ದಾಗಿದ್ದರೆ ಅದು ಯಾವತ್ತೋ ಮುಗಿದಿರುತ್ತದೆ. ಆ ಭಾಗ ಮುಗಿದು 90 ದಿನದೊಳಗೆ ನವೀಕರಿಸದಿದ್ದರೆ, ಕ್ಲೇಮ್ ಮಾಡದೆ ಗಳಿಸಿದ ರಿಯಾಯಿತಿಯೂ ಹೋಗುತ್ತದೆ. ಐದು ವರ್ಷ ಕ್ಲೇಮ್ ಇಲ್ಲದವರಿಗೆ ಅದು ಶೇ 50ರಷ್ಟು.

ಫೋನಿನಿಂದ ಆಟೋಪೇ ಹಾಕಿದರೆ ಗಾಡಿಯ ಕಂತೂ ತಾನಾಗಿ ಹೋಗುವ ವ್ಯವಸ್ಥೆ ಈಗ ಇದೆ. 2021ರ ಅಕ್ಟೋಬರ್ 1ರಿಂದ ಕಾರ್ಡ್, ಯುಪಿಐ ಮೂಲಕ ಹೀಗೆ ಹೋಗುವ ರೊಕ್ಕಕ್ಕೆ ಕನಿಷ್ಠ 24 ಗಂಟೆ ಮೊದಲು ತಿಳಿಸಬೇಕು ಎಂದು ರಿಸರ್ವ್ ಬ್ಯಾಂಕ್ ನಿಯಮ ಮಾಡಿದೆ. ಆ ಮೆಸೇಜಿನಲ್ಲೇ ಬೇಡ ಎನ್ನಲು ದಾರಿ ಇರಬೇಕು.

ಇನ್ನು ಆ 20 ಮತ್ತು 436. ಸುರಕ್ಷಾ ಬಿಮಾ, ಜೀವನ್ ಜ್ಯೋತಿ ಯೋಜನೆಗಳು ಶುರುವಾದದ್ದು 2015ರ ಮೇ 9ಕ್ಕೆ. ಆಗ ಕಂತು 12 ಮತ್ತು 330 ಇತ್ತು, 2022ರ ಜೂನ್ 1ರಿಂದ ಏರಿತು. ಜೂನ್ 1ರಿಂದ ಮೇ 31 ಇವುಗಳ ವರ್ಷ. ಫಾರ್ಮಿನಲ್ಲಿ ಪ್ರತಿ ವರ್ಷ ಕಡಿತಕ್ಕೆ ಒಪ್ಪಿಗೆ ಎಂಬ ಸಾಲು ಇರುತ್ತದೆ, ಸಹಿ ಅದಕ್ಕೂ ಸೇರಿಯೇ ಬಿದ್ದಿರುತ್ತದೆ. ಬೆಳೆ ಸಾಲದವರಿಗೂ ಇದೇ ಮಾದರಿ. ಮೊದಲು ಬೆಳೆ ವಿಮೆ ಸಾಲಗಾರರಿಗೆ ಕಡ್ಡಾಯವೇ ಇತ್ತು. 2020ರ ಮುಂಗಾರಿನಿಂದ ಐಚ್ಛಿಕ ಆಯಿತು. ಆದರೆ ಬೇಡ ಎಂದರೆ ಕೊನೆಯ ದಿನಾಂಕಕ್ಕೆ ಏಳು ದಿನ ಮೊದಲು ಬ್ಯಾಂಕಿಗೆ ಬರೆದುಕೊಡಬೇಕು, ಸುಮ್ಮನಿದ್ದರೆ ಒಪ್ಪಿದಂತೆ.

ಜೀವನ್ ಜ್ಯೋತಿ ಬೇಡದವರು ಮೇ ಕಡಿತಕ್ಕೆ ಮೊದಲೇ ಬ್ಯಾಂಕಿಗೆ ಬರೆದುಕೊಡಬೇಕು. ಬೇಕಾದವರು ಆ ಹೊತ್ತಿಗೆ ಖಾತೆಯಲ್ಲಿ 436 ಉಳಿಸಿರಬೇಕು, ಇಲ್ಲದಿದ್ದರೆ ವಿಮೆ ನಿಲ್ಲುತ್ತದೆ. ಎರಡು ಬ್ಯಾಂಕಿನಲ್ಲಿ ಖಾತೆ ಇದ್ದು ಎರಡರಲ್ಲೂ ಕಟ್ ಆಗುತ್ತಿದ್ದರೆ ಒಂದನ್ನು ಈಗಲೇ ನಿಲ್ಲಿಸಿರಿ. ಮನೆಯವರಿಗೆ ಸಿಗುವುದು ಒಂದೇ ಎರಡು ಲಕ್ಷ, ಎರಡನೇ ಕಂತು ವಾಪಸ್ ಬರುವುದಿಲ್ಲ.